ಮುಗಿಲು ನೋಡಿದ್ರೆ ಸಾಲದೇ? ಸಾರೋರು ಯಾಕೆ ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಒಂದು ಪ್ರಶ್ನೆ ಹಿಡ್ಕೊಂಡು ಬಂದಿದೀನಿ. ಪ್ರಶ್ನೆ ನಂದಲ್ಲ, ನನ್ನ ಗೆಳೆಯನದು. ಅವನ ಊರು ಗದಗ ತಾಲೂಕಿನ ಕೋಟುಮಚಗಿ, ನನ್ನದು ಬೆಟಗೇರಿ. ಅವರದು ಒಕ್ಕಲುತನದ ಮನೆ, ನಮ್ಮದು ತಲೆಮಾರುಗಳಿಂದ ಕ್ರೈಸ್ತ ಮನೆತನ. ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು.

ಎಳ್ಳ ಅಮಾವಾಸ್ಯೆ ಬಂತು ಅಂದ್ರೆ ಅವನಿಂದ ಫೋನ್ ಬರುತ್ತೆ. ಹೊಲಕ್ಕೆ ಚರಗ ಚೆಲ್ಲೋಕೆ ಹೋಗ್ತಾರೆ, ನಾನೂ ಹೋಗ್ಬೇಕು. ಆ ವರ್ಷ ಹಿಂಗಾರು ಚೆನ್ನಾಗಿತ್ತು. ಕಪ್ಪು ಎರಿ ಹೊಲ, ಎದೆಮಟ್ಟ ನಿಂತ ಬಿಳಿಜೋಳ, ಪಕ್ಕದಲ್ಲಿ ಕಡಲೆ, ಅಂಚಿಗೆ ಕುಸುಬೆ. ದೂರದಲ್ಲಿ ಗಾಳಿ ಫ್ಯಾನುಗಳು ನಿಧಾನಕ್ಕೆ ತಿರುಗ್ತಿದ್ವು. ಅವರಪ್ಪ ಹೊಲದ ಸುತ್ತ ಚರಗ ಚೆಲ್ಲಿ ಬಂದು ಮಣ್ಣಿಗೆ ಕೈ ಮುಗಿದ್ರು. ಆಮೇಲೆ ಎಲ್ಲರೂ ಕೂತು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಊಟ ಮಾಡಿದ್ವಿ.

ಊಟ ಆದ ಮೇಲೆ ಗಿಡದ ನೆರಳಿನಲ್ಲಿ ಅಡ್ಡಾಗಿದ್ದಾಗ ಅವನು ಕೇಳಿದ.

"ಅಲ್ಲಲೇ, ಈ ಮುಗಿಲು ನೋಡು, ಈ ಜ್ವಾಳ ನೋಡು. ಒಂದು ಕಾಳು ಹಾಕಿದ್ರ ತೆನಿ ತುಂಬ ಬರ್ತಾವ. ಇದನ್ನ ನೋಡಿದ್ರ ದೇವ್ರು ಅದಾನ ಅಂತ ಯಾರಿಗರೆ ಗೊತ್ತಾಕ್ಕೈತಿ. ನಿಮ್ಮ ಬೈಬಲ್ಲಿನಾಗೂ ಹಂಗ ಐತಿ ಅಂತ ನೀನ ಹೇಳಿದ್ದಿ. ಮತ್ತ ನಿಮ್ಮ ಪಾಸ್ಟರು ವಾರಾ ವಾರಾ ತಾಸುಗಟ್ಟಲೆ ಯಾಕ ಹೇಳ್ತಾರ? ಮುಗಿಲು ಹೇಳಿದ್ದು ಸಾಲಂಗಿಲ್ಲೇನು?"

ನಾನು ನಕ್ಕು ಇನ್ನೊಂದು ಹೋಳಿಗೆಗೆ ಕೈ ಹಾಕಿದೆ. ಉತ್ತರ ಗೊತ್ತಿರಲಿಲ್ಲ.

ಅವನು ಕೇಳಿದ್ದು ಬೈಬಲ್‌ಗೆ ವಿರುದ್ಧವಾದ ಮಾತೇನಲ್ಲ. ಹತ್ತೊಂಬತ್ತನೆಯ ಕೀರ್ತನೆ ಶುರುವಾಗೋದೇ ಆಕಾಶದಿಂದ. ಹಗಲು ರಾತ್ರಿಗಳು ಮಾತಿಲ್ಲದೇ ದೇವರ ಹಿರಿಮೆ ಹೇಳ್ತಿವೆ ಅನ್ನೋದು ಅದರ ಭಾವ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಅದೇ ವಾದ ಇದೆ: ಕಣ್ಣಿಗೆ ಕಾಣದ ದೇವರ ಶಕ್ತಿ, ಕಣ್ಣಿಗೆ ಕಾಣೋ ಸೃಷ್ಟಿಯಿಂದ ಗೊತ್ತಾಗುತ್ತೆ. ಕಥೋಲಿಕ ಸಭೆ ಇನ್ನೂ ಖಚಿತವಾಗಿ ಹೇಳಿದೆ. 1870ರಲ್ಲಿ ನಡೆದ ಮೊದಲನೆಯ ವ್ಯಾಟಿಕನ್ ಮಹಾಸಭೆ, ಮನುಷ್ಯ ತನ್ನ ಸಹಜ ಬುದ್ಧಿಯ ಬೆಳಕಿನಲ್ಲೇ, ಸೃಷ್ಟಿಯನ್ನ ನೋಡಿ, ದೇವರಿದ್ದಾನೆ ಅಂತ ತಿಳಿಯಬಲ್ಲ ಅಂತ ಸಾರಿತು.

ಹಾಗಿದ್ರೆ ಗೆಳೆಯನ ಪ್ರಶ್ನೆ ಇನ್ನೂ ಗಟ್ಟಿ ಆಯ್ತು. ಇಷ್ಟೆಲ್ಲ ಬರೆದ ಅದೇ ಪೌಲ ಊರೂರು ಅಲೆದು, ಕಲ್ಲೇಟು ತಿಂದು, ಜೈಲು ಸೇರಿ, ಸಾರಿದ್ದು ಯಾಕೆ?

ಕೋಟುಮಚಗಿಯಲ್ಲೇ ಸಿಕ್ಕ ಒಂದು ಹಳೇ ದಾಖಲೆಯಿಂದ ಶುರು ಮಾಡೋಣ. ಈ ಊರಲ್ಲಿ ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ ಒಂದು ಶಾಸನ ಇದೆ, 1012ನೇ ಇಸವಿಯದು. ಆಗ ಇದು ಅಗ್ರಹಾರ. ಪಾಠ ಹೇಳೋರಿಗೆ ಭೂಮಿ ಬಿಟ್ಟ ವಿಷಯ ಅದರಲ್ಲಿದೆ. ಗಣಿತ, ಜ್ಯೋತಿಷ, ಛಂದಸ್ಸು, ವ್ಯಾಕರಣ ಇಲ್ಲಿ ಕಲಿಸ್ತಿದ್ರು. ಯೋಚನೆ ಮಾಡಿ, ಸಾವಿರ ವರ್ಷದ ಹಿಂದೆ ಈ ಊರ ಮೇಲೆ ಒಂದೂ ಕರೆಂಟ್ ದೀಪ ಇಲ್ಲದ ಆಕಾಶ. ಚಿಕ್ಕಿಗಳು ಈಗಿಗಿಂತ ಎಷ್ಟೋ ಚೆನ್ನಾಗಿ ಕಾಣ್ತಿದ್ದಿರಬೇಕು. ಆದ್ರೂ "ಚಿಕ್ಕಿ ಎಲ್ಲರಿಗೂ ಕಾಣ್ತಾವಲ್ಲ, ಮಾಸ್ತರು ಯಾಕೆ ಬೇಕು?" ಅಂತ ಊರವರು ಸುಮ್ಮನಾಗಲಿಲ್ಲ. ಕಾಣೋದು ಬೇರೆ, ತಿಳಿಯೋದು ಬೇರೆ ಅಂತ ಅವರಿಗೆ ಗೊತ್ತಿತ್ತು.

ಹದಿನಾರನೇ ಶತಮಾನದಲ್ಲಿ ಜಾನ್ ಕ್ಯಾಲ್ವಿನ್ ಇದನ್ನೇ ಒಂದು ಉಪಮೆಯಲ್ಲಿ ಹೇಳಿದ. ಕಣ್ಣು ಮಂಜಾದ ಮುದುಕನ ಕೈಗೆ ಒಂದು ಒಳ್ಳೆ ಪುಸ್ತಕ ಕೊಡಿ. ಅಲ್ಲಿ ಏನೋ ಬರೆದಿದೆ ಅಂತ ಅವನಿಗೆ ಗೊತ್ತಾಗುತ್ತೆ, ಆದ್ರೆ ಎರಡು ಪದ ಜೋಡಿಸಿ ಓದೋಕಾಗಲ್ಲ. ಕನ್ನಡಕ ಹಾಕಿದ್ರೆ ಸರಾಗ ಓದ್ತಾನೆ. ಸೃಷ್ಟಿ ಆ ಪುಸ್ತಕ, ದೇವರ ವಾಕ್ಯ ಆ ಕನ್ನಡಕ. ನಮ್ಮ ಕಡೆ ಅದಕ್ಕೆ ಚಾಳೀಸು ಅಂತಾರೆ. ನಲವತ್ತು ದಾಟಿದವರಿಗೆಲ್ಲ ಆ ಕಷ್ಟ ಗೊತ್ತು. ಪುಸ್ತಕದ ತಪ್ಪಲ್ಲ, ಅಕ್ಷರದ ತಪ್ಪೂ ಅಲ್ಲ.

ಇದು ಒಳ್ಳೆ ಉತ್ತರವೇ. ಆದ್ರೆ ನನಗೆ ಅರ್ಧ ಉತ್ತರ ಅನ್ನಿಸುತ್ತೆ. ಮಾಸ್ತರಾಗಲಿ ಚಾಳೀಸಾಗಲಿ, ಈಗಾಗಲೇ ಅಲ್ಲಿ ಇರೋದನ್ನ ತೋರಿಸೋ ಕೆಲಸ ಮಾಡ್ತಾವೆ. ಸಾರೋರ ಕೆಲಸ ಅಷ್ಟೇ ಅಲ್ಲ.

'ಸುವಾರ್ತೆ' ಅನ್ನೋ ಪದ ನೋಡಿ. ಅದರೊಳಗೇ 'ವಾರ್ತೆ' ಇದೆ. ಒಳ್ಳೆ ಸುದ್ದಿ ಅಂತ ಅರ್ಥ. ಇನ್ನು 'ಸಾರುವುದು' ಅನ್ನೋ ಮಾತು ನಮಗೆ ಗೊತ್ತಿರೋದು ಡಂಗುರದಿಂದ. ಬೈಬಲ್‌ನ ಗ್ರೀಕ್ ಮೂಲದಲ್ಲೂ ಆ ಜಾಗದಲ್ಲಿರೋ ಪದ ರಾಜನ ಸುದ್ದಿಯನ್ನ ಊರಿಗೆ ತಿಳಿಸೋ ಸಾರುವವನಿಗೆ ಸಂಬಂಧಪಟ್ಟದ್ದೇ. ಡಂಗುರದವನು ಬಂದು ತತ್ವ ಹೇಳಲ್ಲ, ನಿಮಗೆ ಮೊದಲೇ ಗೊತ್ತಿರೋದನ್ನೂ ಹೇಳಲ್ಲ. ಏನೋ ಒಂದು ಆಗಿದೆ, ಅದನ್ನ ಹೇಳ್ತಾನೆ.

ಒಂದು ಉದಾಹರಣೆ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ರೈತರ 2 ಲಕ್ಷ ರೂಪಾಯಿವರೆಗಿನ ಬೆಳೆಸಾಲ ಮನ್ನಾ ಅಂತ ಪ್ರಕಟಿಸಿತು. ಷರತ್ತು ಏನಿದ್ವು, ಯಾರಿಗೆ ಎಷ್ಟು ಸಿಕ್ತು ಅನ್ನೋದು ಬೇರೆ ಮಾತು. ಈಗ ಒಬ್ಬ ರೈತ ಹೊಲದಲ್ಲೇ ಇದ್ದಾನೆ, ಪೇಪರ್ ಓದಿಲ್ಲ, ಫೋನ್ ನೋಡಿಲ್ಲ. ಅವನು ಮುಗಿಲನ್ನ ಎಷ್ಟೇ ದಿಟ್ಟಿಸಿ ನೋಡಲಿ, ಮಣ್ಣನ್ನ ಎಷ್ಟೇ ಆಳಕ್ಕೆ ಅಗೆಯಲಿ, ಸಾಲ ಮನ್ನಾ ಆಗಿದೆ ಅಂತ ಅಲ್ಲಿ ಬರೆದಿರಲ್ಲ. ಯಾರಾದ್ರೂ ಬಂದು ಹೇಳಬೇಕು. ಹೇಳೋವರೆಗೂ ಮನ್ನಾ ಆದ ಸಾಲದ ಚಿಂತೆಯಲ್ಲೇ ಅವನು ರಾತ್ರಿ ನಿದ್ದೆಗೆಡ್ತಾನೆ.

ಕ್ರೈಸ್ತ ನಂಬಿಕೆಯ ನಡುವಿನ ಮಾತು ಈ ಥರದ್ದು. ದೇವರಿದ್ದಾನೆ ಅನ್ನೋದು ಮಾತ್ರ ಅಲ್ಲ. ಆ ದೇವರು ಯೇಸುವಿನಲ್ಲಿ ಒಂದು ಕೆಲಸ ಮಾಡಿದ್ದಾನೆ, ಸಾಲ ತೀರಿದೆ, ಕ್ಷಮೆ ಸಿಕ್ಕಿದೆ ಅನ್ನೋ ಸುದ್ದಿ. ಸೃಷ್ಟಿಯನ್ನ ನೋಡಿ ಒಬ್ಬ ಸೃಷ್ಟಿಕರ್ತ ಇದ್ದಾನೆ ಅಂತ ಊಹಿಸಬಹುದು. ಆದ್ರೆ ನಡೆದ ಘಟನೆಯನ್ನ ಊಹಿಸೋಕಾಗಲ್ಲ, ಕೇಳಿಸಿಕೊಳ್ಳಬೇಕು. ಅದಕ್ಕೇ ಪೌಲ ಅದೇ ಪತ್ರದ ಹತ್ತನೇ ಅಧ್ಯಾಯದಲ್ಲಿ ಪ್ರಶ್ನೆಗಳ ಸರಪಳಿಯನ್ನೇ ಹೆಣೀತಾನೆ. ಕೇಳದೇ ನಂಬೋದು ಹೇಗೆ, ಹೇಳೋರಿಲ್ಲದೇ ಕೇಳೋದು ಹೇಗೆ ಅನ್ನೋ ದಾರಿಯಲ್ಲಿ. ಸೃಷ್ಟಿ ಮಾತಾಡುತ್ತೆ ಅಂದ ಪೌಲನೇ, ಸಾರೋರೂ ಬೇಕು ಅಂತಾನೆ. ಎರಡೂ ಒಂದೇ ಪತ್ರದಲ್ಲಿವೆ.

ಇಷ್ಟನ್ನ ನಾನು ಆಮೇಲೆ ಓದಿ ತಿಳ್ಕೊಂಡೆ. ಆದ್ರೆ ಇದು ಬರೀ ಓದಿನ ವಿಷಯ ಅಲ್ಲ ಅಂತ ಗೊತ್ತಾಗಿದ್ದು ಮುಂದಿನ ಆಗಸ್ಟ್‌ನಲ್ಲಿ.

ಮುಂಗಾರಿಗೆ ಗೆಳೆಯನ ಮನೆಯವರು ಹೆಸರು ಬಿತ್ತಿದ್ರು. ಒಳ್ಳೆ ಕಾಯಿ ಹಿಡಿದಿತ್ತು. ಇನ್ನೇನು ಬಿಡಿಸಬೇಕು ಅನ್ನೋವಾಗ ಜಡಿಮಳೆ ಹಿಡೀತು. ಬಿಡಲೇ ಇಲ್ಲ. ಎರಿ ಹೊಲದಲ್ಲಿ ಕಾಲಿಡೋಕಾಗದಷ್ಟು ಕೆಸರು. ಹೆಸರುಕಾಯಿ ಗಿಡದಲ್ಲೇ ಮೊಳಕೆ ಒಡೆದವು. ನಾನು ನೋಡೋಕೆ ಹೋದಾಗ ಅವರಪ್ಪ ಕಟ್ಟೆ ಮೇಲೆ ಕೂತಿದ್ರು. ಕೈಯಲ್ಲಿ ಮೊಳಕೆ ಬಂದ ನಾಲ್ಕು ಕಾಯಿ. ನನ್ನನ್ನ ನೋಡಿ ಹೇಳಿದ್ರು:

"ತಮ್ಮಾ, ಚರಗ ಚೆಲ್ಲೋದು ಒಂದು ವರ್ಷ ಬಿಟ್ಟಿಲ್ಲ. ಯಾರದೂ ಒಂದು ರೂಪಾಯಿ ತಿಂದಿಲ್ಲ. ದೇವ್ರಿಗೆ ನಮ್ಮ ಮ್ಯಾಗ ಯಾಕ ಸಿಟ್ಟೋ ಏನೋ."

ನೋಡಿ, ಅದೇ ಮುಗಿಲು, ಅದೇ ಹೊಲ. ಎಳ್ಳ ಅಮಾವಾಸ್ಯೆಗೆ ಅದು ದೇವರು ಒಳ್ಳೆಯವನು ಅಂತ ಹೇಳಿತ್ತು. ಆಗಸ್ಟ್‌ನಲ್ಲಿ ದೇವರಿಗೆ ಸಿಟ್ಟು ಬಂದಿದೆ ಅಂತ ಹೇಳ್ತಿತ್ತು. ಅಥವಾ ಅವರಿಗೆ ಹಾಗೆ ಕೇಳಿಸ್ತಿತ್ತು.

ನಾನೇನು ಹೇಳಿದೆ ಗೊತ್ತಾ? "ಎಲ್ಲಾ ದೇವ್ರ ಇಚ್ಛಾ ರೀ ಕಾಕಾ" ಅಂದೆ. ಅವರು ನನ್ನ ಮುಖ ನೋಡಿದ್ರು. "ಹೌದು ಬಿಡಪಾ" ಅಂತ ಎದ್ದು ಒಳಗೆ ಹೋದ್ರು.

ವಾಪಸ್ ಬರೋ ಬಸ್ಸಿನಲ್ಲಿ ನನಗೆ ಹೊಟ್ಟೆ ಸಂಕಟ ಶುರುವಾಯ್ತು. ನಾನು ಅವರಿಗೆ ಸಮಾಧಾನ ಹೇಳಿರಲಿಲ್ಲ, ಅವರ ಭಯಕ್ಕೆ ಸಹಿ ಹಾಕಿ ಬಂದಿದ್ದೆ. ಅದು ನಾನು ಮಾಡಿದ ಮೊದಲ ಪ್ರಸಂಗ, ಮತ್ತು ಅದು ಕೆಟ್ಟ ಪ್ರಸಂಗ. ಯಾಕಂದ್ರೆ ಅದನ್ನ ನಾನು ಬೈಬಲ್‌ನಿಂದ ತೆಗೆದಿರಲಿಲ್ಲ, ಮಳೆಯಿಂದ ತೆಗೆದಿದ್ದೆ.

ಆ ರಾತ್ರಿ ಲೂಕನ ಸುವಾರ್ತೆಯ ಹದಿಮೂರನೇ ಅಧ್ಯಾಯ ತೆಗೆದೆ. ಯೆರೂಸಲೇಮಿನ ಸಿಲೋವದಲ್ಲಿ ಒಂದು ಗೋಪುರ ಬಿದ್ದು 18 ಜನ ಸತ್ತಿರ್ತಾರೆ. ಯೇಸು ಕೇಳ್ತಾನೆ: ಅವರೇನು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದ್ಕೊಂಡ್ರಾ? ಅವನ ಉತ್ತರ, ಅಲ್ಲ. ಬೇರೆಯವರ ಕಷ್ಟವನ್ನ ಅಳೆಯೋ ಬದಲು ನೀವು ನಿಮ್ಮ ಬದುಕು ತಿದ್ದಿಕೊಳ್ಳಿ ಅಂತ ಕೇಳೋರ ಕಡೆಗೇ ಮಾತು ತಿರುಗಿಸ್ತಾನೆ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನ ನೋಡಿ ಶಿಷ್ಯರು, ಇದು ಯಾರ ಪಾಪ, ಇವನದೋ ಇವನ ತಂದೆತಾಯಿಯದೋ ಅಂತ ಕೇಳಿದಾಗಲೂ ಉತ್ತರ ಅದೇ: ಯಾರದೂ ಅಲ್ಲ. ಬೆಟ್ಟದ ಮೇಲಿನ ಉಪದೇಶದಲ್ಲಂತೂ, ದೇವರು ಒಳ್ಳೆಯವರ ಹೊಲಕ್ಕೂ ಕೆಟ್ಟವರ ಹೊಲಕ್ಕೂ ಒಂದೇ ಮಳೆ ಸುರಿಸ್ತಾನೆ ಅನ್ನೋ ಅರ್ಥದ ಮಾತಿದೆ.

ಮಳೆ ಯಾರ ಮೇಲಿನ ತೀರ್ಪೂ ಅಲ್ಲ ಅನ್ನೋ ಈ ಮಾತನ್ನ ಮಳೆ ತಾನಾಗೇ ಹೇಳೋಕಾಗಲ್ಲ. ಯಾರಾದ್ರೂ ಬಾಯಿಬಿಟ್ಟು ಹೇಳಬೇಕು.

ಶಿಲುಬೆಯನ್ನೇ ತಗೊಳ್ಳಿ. ಅವತ್ತು ಆ ಗುಡ್ಡದ ಹತ್ತಿರ ನಿಂತು ಬರೀ ಕಣ್ಣಿಂದ ನೋಡಿದವನಿಗೆ ಏನು ಕಂಡಿರಬೇಕು? ರೋಮ್ ಸರ್ಕಾರ ಒಬ್ಬನನ್ನ ಕೊಲ್ತಿದೆ. ಮಧ್ಯಾಹ್ನವೇ ಕತ್ತಲಾಗಿದೆ ಅಂತ ಸುವಾರ್ತೆಗಳು ಹೇಳ್ತಾವೆ. ಮುಗಿಲನ್ನ ಓದೋನು ಆಗ ಬರೋ ತೀರ್ಮಾನ ಒಂದೇ: ದೇವರು ಇವನನ್ನ ಕೈಬಿಟ್ಟಿದ್ದಾನೆ. ಇಲ್ಲ, ದೇವರು ನಮ್ಮ ಜೊತೆ ಇದ್ದದ್ದು ಅಲ್ಲೇ ಅಂತ ಕ್ರೈಸ್ತರು ನಂಬೋದು, ಆಮೇಲೆ ಬಂದ ಸುದ್ದಿಯಿಂದ. ಆ ಸುದ್ದಿ ಮೊದಲು ಬಂದಿದ್ದೂ ಬಾಯಿಮಾತಿನಲ್ಲೇ. ಮಗ್ದಲದ ಮರಿಯಳು ಓಡಿ ಹೋಗಿ ಶಿಷ್ಯರಿಗೆ ಹೇಳಿದಳು.

ಸೃಷ್ಟಿಯಿಂದ, ನಡೆದುಹೋಗೋ ಘಟನೆಗಳಿಂದ ಮಾತ್ರ ದೇವರ ಮನಸ್ಸನ್ನ ಓದ್ತೀನಿ ಅನ್ನೋದು ಎಷ್ಟು ಅಪಾಯ ಅನ್ನೋದಕ್ಕೆ ಇನ್ನೊಂದು ಕಥೆ ಇದೆ. 1930ರ ದಶಕದ ಜರ್ಮನಿ. ಹಿಟ್ಲರ್ ಮೇಲೇರ್ತಿದ್ದಾನೆ. ಅಲ್ಲಿನ ಕೆಲವು ಕ್ರೈಸ್ತರೇ ನಮ್ಮ ರಕ್ತ, ನಮ್ಮ ಮಣ್ಣು, ನಮ್ಮ ನಾಯಕ, ಇದರಲ್ಲೇ ದೇವರ ಕೈ ಕಾಣ್ತಿದೆ ಅಂತ ಹೇಳೋಕೆ ಶುರು ಮಾಡಿದ್ರು. 1934ರಲ್ಲಿ ಬಾರ್ಮೆನ್ ಅನ್ನೋ ಊರಲ್ಲಿ ಸೇರಿದ ಇನ್ನೊಂದು ಗುಂಪು ಅದನ್ನ ತಿರಸ್ಕರಿಸಿತು. ಆ ಘೋಷಣೆ ಬರೆದವರಲ್ಲಿ ಮುಖ್ಯನಾದವನು ಕಾರ್ಲ್ ಬಾರ್ತ್. ಅದೇ ವರ್ಷ ಎಮಿಲ್ ಬ್ರುನ್ನರ್ ಅನ್ನೋ ದೇವಶಾಸ್ತ್ರಜ್ಞ, ಸೃಷ್ಟಿಯ ಮೂಲಕ ದೇವರನ್ನ ತಿಳಿಯೋದಕ್ಕೂ ಸ್ವಲ್ಪ ಜಾಗ ಇದೆ ಅಂತ ಬರೆದಾಗ, ಬಾರ್ತ್ ಕೊಟ್ಟ ಉತ್ತರದ ಹೆಸರೇ 'ಇಲ್ಲ!' ಅಂತ. ಬ್ರುನ್ನರ್ ಹಿಟ್ಲರನ ಪರ ಇರಲಿಲ್ಲ, ಅದು ನೆನಪಿರಲಿ. ಬಾರ್ತ್ ಸ್ವಲ್ಪ ಅತಿ ಮಾಡಿದ ಅಂತ ನನಗೂ ಅನ್ನಿಸುತ್ತೆ. ಕೀರ್ತನೆಕಾರ ಮುಗಿಲು ನೋಡಿ ಹಾಡಿದ್ದು ಸುಳ್ಳಲ್ಲ. ಆದ್ರೆ ಅವನ ಹೆದರಿಕೆ ನಿಜವಾದದ್ದು. ಸೃಷ್ಟಿ ತಾನಾಗಿ ಬಾಯಿ ಬಿಡಲ್ಲವಲ್ಲ, ಬಲ ಇರೋನು ತನ್ನ ಮಾತನ್ನ ಅದರ ಬಾಯಲ್ಲಿ ಹಾಕಿಬಿಡ್ತಾನೆ.

ಈ ಬಾರ್ತ್ ಹುಟ್ಟಿದ್ದು ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ. ಜರ್ಮನಿ ಬಿಡಬೇಕಾಗಿ ಬಂದಾಗ ವಾಪಸ್ ಹೋಗಿದ್ದೂ ಅಲ್ಲಿಗೇ. ಬಾಸೆಲ್ ಅಂದ ಕೂಡಲೇ ಗದಗ-ಬೆಟಗೇರಿಯವರಿಗೆ ಕಿವಿ ನೆಟ್ಟಗಾಗುತ್ತೆ. ನಮ್ಮ ಊರಿಗೆ ಸುವಾರ್ತೆ ಬಂದಿದ್ದೇ ಬಾಸೆಲ್ ಮಿಷನ್‌ನಿಂದ. ಅವರು 1834ರಲ್ಲಿ ಮಂಗಳೂರಿಗೆ ಬಂದ್ರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಸಾರಿದ್ರು. ನನ್ನ ಗೆಳೆಯನ ಪ್ರಶ್ನೆಯನ್ನ ಅವತ್ತೂ ಯಾರಾದ್ರೂ ಕೇಳಿಯೇ ಇರಬೇಕು ಅನ್ನಿಸುತ್ತೆ ನನಗೆ.

ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಗದಗಿನ ಪಕ್ಕದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು, ಒಕ್ಕಲುತನ ಮಾಡಿಸಿ, ಒಂದು ಕ್ರೈಸ್ತ ಊರನ್ನೇ ಕಟ್ಟೋ ಪ್ರಯತ್ನ ನಡೀತು. ಅದು ನಿಲ್ಲಲಿಲ್ಲ. ಸುದ್ದಿಯ ಜೊತೆ ಹೊಲವನ್ನೂ ಇಟ್ಟರೆ, ಬಂದವನು ಯಾವುದಕ್ಕೆ ಬಂದ ಅಂತ ಹೇಳಿದವನಿಗೂ ಗೊತ್ತಾಗಲ್ಲ, ಬಂದವನಿಗೂ ಗೊತ್ತಾಗಲ್ಲ. ಸುದ್ದಿ ಹೇಳೋನ ಕೆಲಸ ಹೇಳೋದು. ಆಮಿಷ ತೋರಿಸಿದ್ರೆ ಅದು ವ್ಯಾಪಾರ, ಹೆದರಿಸಿದ್ರೆ ಅದು ಜಬರ್ದಸ್ತಿ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನ ಆಚರಿಸೋ ಜೊತೆಗೆ ಪ್ರಚಾರ ಮಾಡೋ ಹಕ್ಕನ್ನೂ ಕೊಟ್ಟಿದೆ. ಆದ್ರೆ ಆ ಹಕ್ಕು ಎದುರಿನವರ ಕಿವಿಯನ್ನ ನಮ್ಮ ಕೈಗೆ ಕೊಟ್ಟಿಲ್ಲ. ಕೇಳೋದು, ಬಿಡೋದು ಅವರಿಗೆ ಸೇರಿದ್ದು.

ಅದೇ ಮಿಷನ್‌ನ ಒಳ್ಳೆ ಪಾಠವೂ ಇದೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಹೇಳೋಕೆ ಅಂತ ಬಂದವನು, ವರ್ಷಗಟ್ಟಲೆ ಕೇಳೋಕೆ ಕೂತ. ಜನರ ಮಾತು, ಗಾದೆ, ಹಳೇ ಕಾವ್ಯ, ಎಲ್ಲ ಕೂಡಿಸಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ಸಾರೋನು ಮೊದಲು ಊರ ಭಾಷೆ ಕೇಳಿಸಿಕೊಳ್ಳಬೇಕು ಅನ್ನೋದಕ್ಕೆ ಇದಕ್ಕಿಂತ ದಪ್ಪ ಸಾಕ್ಷಿ ಬೇಡ. ಪೌಲನೂ ಹಾಗೇ. ಅಪೊಸ್ತಲರ ಕೃತ್ಯಗಳ ಹದಿನಾಲ್ಕನೇ ಅಧ್ಯಾಯದಲ್ಲಿ ಅವನು ಲುಸ್ತ್ರ ಅನ್ನೋ ಊರಲ್ಲಿ ಮಾತಾಡ್ತಾನೆ. ಅಲ್ಲಿನವರಿಗೆ ಯೆಹೂದ್ಯರ ಗ್ರಂಥ ಗೊತ್ತಿಲ್ಲ. ಅವನು ಶುರು ಮಾಡೋದು ಎಲ್ಲಿಂದ? ಮಳೆಯಿಂದ, ಬೆಳೆಯಿಂದ, ಹೊಟ್ಟೆ ತುಂಬಿದ ಸಂತೋಷದಿಂದ. ನಿಮ್ಮ ಊರಲ್ಲಿ ದೇವರು ಇಷ್ಟು ದಿನ ಸುಮ್ಮನಿರಲಿಲ್ಲ, ಮಳೆ ಕೊಡ್ತಾನೇ ಇದ್ದ ಅನ್ನೋ ಧಾಟಿಯಲ್ಲಿ. ಅಂದ್ರೆ ಸಾರೋದು ಮುಗಿಲಿನ ಬಾಯಿ ಮುಚ್ಚಿಸೋ ಕೆಲಸ ಅಲ್ಲ, ಮುಗಿಲು ಶುರು ಮಾಡಿದ ಮಾತನ್ನ ಮುಂದುವರಿಸೋ ಕೆಲಸ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ಹಾಗಿದ್ರೆ ಸುದ್ದಿ ಕೇಳದೇ ಇರೋರ ಗತಿ ಏನು? ಇದಕ್ಕೆ ಕ್ರೈಸ್ತರಲ್ಲಿ ಒಂದೇ ಉತ್ತರ ಇಲ್ಲ. ಕೇಳಿ ನಂಬದೇ ರಕ್ಷಣೆ ಇಲ್ಲ ಅನ್ನೋರಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮದಲ್ಲದ ಕಾರಣಕ್ಕೆ ಸುವಾರ್ತೆ ಅರಿಯದೇ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನ ಹುಡುಕೋರಿಗೂ ರಕ್ಷಣೆ ಸಾಧ್ಯ ಅಂತ ಹೇಳಿತು. ನನಗೆ ತೋಚೋದು ಇಷ್ಟೇ: ಅವರ ಲೆಕ್ಕ ನೋಡೋ ಕೆಲಸ ನಂದಲ್ಲ. ಸಾಲ ಮನ್ನಾ ಆಗಿದೆ ಅಂತ ಗೊತ್ತಿದ್ದವನು, ಪಕ್ಕದ ಹೊಲದವನು ನಿದ್ದೆಗೆಡ್ತಿರೋದನ್ನ ನೋಡ್ಕೊಂಡು ಸುಮ್ಮನಿರೋದು ಸರಿಯಾ ಅನ್ನೋದು ನನ್ನ ಪ್ರಶ್ನೆ.

ಸೀಗಿ ಹುಣ್ಣಿಮೆಗೆ ಮತ್ತೆ ಕೋಟುಮಚಗಿಗೆ ಹೋದೆ. ಹೆಸರು ಹೋದ ಹೊಲದಲ್ಲಿ ಜೋಳ ಬಿತ್ತಿದ್ರು, ಗೇಣುದ್ದ ಹಸಿರು ಎದ್ದಿತ್ತು. ಗೆಳೆಯನ ಅಪ್ಪನ ಪಕ್ಕ ಕೂತು ಹೇಳಿದೆ: "ಕಾಕಾ, ಅವತ್ತು ನಾ ಹೇಳಿದ್ದು ತಪ್ಪಾತು. ನಾ ನಂಬಿದ ದೇವ್ರ ಬಗ್ಗೆ ನನಗ ಗೊತ್ತಿರೋದು ಬ್ಯಾರೆ. ಮಳಿ ಬಂದು ಬೆಳಿ ಹೋಗಿದ್ದು ನಿಮ್ಮ ಮ್ಯಾಗಿನ ಸಿಟ್ಟಿಗಲ್ಲ. ಯೇಸು ಇದನ್ನ ಬಾಯಿಬಿಟ್ಟು ಹೇಳ್ಯಾನ." ಗೋಪುರ ಬಿದ್ದ ಕಥೆಯನ್ನೂ ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು, "ಹದಿನೆಂಟು ಮಂದಿನ?"

"ಹೌದ್ರಿ, ಹದಿನೆಂಟು ಮಂದಿ."

"ಇದನ್ನ ಅವತ್ತ ಹೇಳಬೇಕಿತ್ತಲ್ಲೋ ತಮ್ಮಾ. ಎರಡು ತಿಂಗಳು ನಿದ್ದಿ ಬಂದಿಲ್ಲ ನನಗ."

ಅವರು ಕ್ರೈಸ್ತರಾಗಲಿಲ್ಲ. ಆಗಿ ಅಂತ ನಾನೂ ಕೇಳಲಿಲ್ಲ. ಸಂಜೆ ಎಂದಿನಂತೆ ಹೊಲಕ್ಕೆ ಕೈ ಮುಗಿದು ಮನೆಗೆ ನಡೆದ್ರು. ಗೆಳೆಯ ಮಾತ್ರ ನನ್ನ ಕಡೆ ನೋಡಿ, "ಆತು ಬಿಡಲೇ, ನನ್ನ ಪ್ರಶ್ನೆಗೆ ಉತ್ತರ ಸಿಕ್ತು" ಅಂದ.

ಇವತ್ತಿಗೆ ಇಷ್ಟು. ನಿಮಗೂ ಯಾವತ್ತಾದ್ರೂ ಒಂದು ಮಾತು ಸರಿಯಾದ ಹೊತ್ತಿಗೆ ಯಾರಿಂದಲೋ ಬಂದು ತಲುಪಿದ್ರೆ, ಅಥವಾ ತಡವಾಗಿ ಬಂದಿದ್ರೆ, ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.